ಅಜ್ಜನ ದಿಂಬು

ನನ್ನ ಫೋನಿನಲ್ಲಿ 14,000 ಫೋಟೋಗಳಿವೆ. ಅಜ್ಜಿಯ ಮನೆ ಗೋಡೆಯ ಮೇಲಿರುವುದು 9. ಯಾರದಾದರೂ ಮುಖ ನೋಡಬೇಕು ಅನ್ನಿಸಿದರೆ ಅಜ್ಜಿ ಕತ್ತೆತ್ತಿದರೆ ಸಾಕು. ನಾನಾದರೆ ಅರ್ಧ ಗಂಟೆ ಬೆರಳು ಸವೆಸಬೇಕು. ನಡುವೆ ಕರೆಂಟ್ ಬಿಲ್ಲು, ಗ್ಯಾಸಿನ ರಸೀದಿ, ಯಾವತ್ತೋ ತಿಂದ ದೋಸೆ ಎಲ್ಲ ಅಡ್ಡ ಬರುತ್ತವೆ.

ಆ ಒಂಬತ್ತೂ ಫೋಟೋಗಳು ಜಗಲಿಯಲ್ಲಿ, ಮಾಡಿಗೆ ಹತ್ತಿರವಾಗಿ, ಮುಂದಕ್ಕೆ ಬಾಗಿಕೊಂಡು ತೂಗುತ್ತವೆ. ಕೆಳಗೆ ಕೂತವರು ಏನು ಮಾತಾಡುತ್ತಿದ್ದಾರೆ ಅಂತ ಹಿರಿಯರು ಬಗ್ಗಿ ಕೇಳಿಸಿಕೊಳ್ಳುತ್ತಿರುವ ಹಾಗೆ. ನಾನು ಚಿಕ್ಕವಳಿದ್ದಾಗ ಮುತ್ತಜ್ಜನ ಫೋಟೋದ ಹಿಂದೆ ಗುಬ್ಬಚ್ಚಿ ಗೂಡು ಕಟ್ಟುತ್ತಿತ್ತು. ಮರಿ ಹಾರಿಹೋಗುವವರೆಗೆ ಮುತ್ತಜ್ಜನ ಧೂಳು ಒರೆಸುವ ಹಾಗಿರಲಿಲ್ಲ.

ಅಜ್ಜಿಗೆ 80 ತುಂಬುವಾಗ ಏನಾದರೂ ಕೊಡಬೇಕು ಅಂತಾಯಿತು. ಸೀರೆ ಕೊಟ್ಟರೆ ಟ್ರಂಕಿಗೆ ಹೋಗುತ್ತದೆ. ಅಲ್ಲಿಂದ ಮುಂದಿನ ಮದುವೆಯಲ್ಲಿ ಇನ್ಯಾರದೋ ಮಡಿಲಿಗೆ. ಕಾಫಿ ಮಗ್ಗು, ದಿಂಬು ಅಂತ ಫೋಟೋ ಹಾಕಿ ಏನಾದರೂ ಮಾಡಿಸಿದರೆ ಅದನ್ನು ಯಾರಿಗೂ ದಾಟಿಸಲಾಗದು. ಖರ್ಚೂ ಕಡಿಮೆ. ನಿಜ ಹೇಳಬೇಕೆಂದರೆ ಎರಡನೆಯದೇ ಕಾರಣ. ತಿಂಗಳ ಕೊನೆ ಅದು.

ಅಜ್ಜನ ಒಳ್ಳೆಯ ಫೋಟೋ ಇದ್ದದ್ದು ಒಂದೇ. ಕೊಟ್ಟಿಗೆಯ ಮುಂದೆ ನಿಂತು ಬಾಯ್ತುಂಬ ನಗುತ್ತಿರುವುದು. ಮಲೆನಾಡಿನ ಸಾಗರದ ಕಡೆಯ ಮಳೆ ನಿಮಗೆ ಗೊತ್ತಲ್ಲ, ಫೋಟೋ ಗಾಜಿಗೆ ಅಂಟಿಕೊಂಡುಬಿಟ್ಟಿತ್ತು. ಹೀಗೆ ಅಂಟಿದ್ದನ್ನು ಕೀಳಲು ಹೋಗಬಾರದು. ಮುಖ ಗಾಜಿನಲ್ಲೇ ಉಳಿದು, ಬಿಳಿ ಕಾಗದ ಕೈಗೆ ಬರುತ್ತದೆ. ಗಾಜಿನ ಸಮೇತ ಕಿಟಕಿಯ ಪಕ್ಕ ಇಟ್ಟು, ಫ್ಲ್ಯಾಶ್ ಆರಿಸಿ, ಫೋಟೋದ ಫೋಟೋ ತೆಗೆಯಬೇಕು. ತೆಗೆಯುವವರು ಕಪ್ಪು ಬಟ್ಟೆ ಹಾಕಿಕೊಂಡಿದ್ದರೆ ಒಳ್ಳೆಯದು. ನಾನು ಹಳದಿ ಕುರ್ತಾದಲ್ಲಿದ್ದೆ. ಮೊದಲ ಆರು ಸಲವೂ ಅಜ್ಜನ ಪಂಚೆಯ ಮೇಲೆ ನಾನೇ ಹಳದಿ ದೆವ್ವದ ಹಾಗೆ ಮೂಡಿದೆ.

ಮಕ್ಕಳು ಮೊಮ್ಮಕ್ಕಳ ಫೋಟೋಗಳನ್ನು ಮಾವ ವಾಟ್ಸಾಪಿನಲ್ಲಿ ಕಳಿಸಿದರು. ಸ್ಟುಡಿಯೋದವರು ನೋಡಿದರು, ದೊಡ್ಡದು ಮಾಡಿದರು, ತಲೆ ಅಲ್ಲಾಡಿಸಿದರು. "ಇದು ಸ್ಟಾಂಪಿಗೆ ಆಗುತ್ತೆ ಮೇಡಂ, ಮಗ್ಗಿಗೆ ಆಗಲ್ಲ." ವಾಟ್ಸಾಪು ಫೋಟೋವನ್ನು ಹಿಂಡಿ ಚಿಕ್ಕದು ಮಾಡಿ ಕಳಿಸುತ್ತದೆ. ಅಚ್ಚು ಚೆನ್ನಾಗಿ ಬರಬೇಕಾದರೆ ಒಂದು ಇಂಚಿಗೆ 300 ಚುಕ್ಕಿ ಬೇಕು. ಅಂದರೆ 4×6 ಇಂಚಿನ ಫೋಟೋಗೆ 1200×1800. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದದ್ದು ಇದ್ದ ಹಾಗೇ ಬರುತ್ತದೆ. ಇದನ್ನು ಮಾವನಿಗೆ ಫೋನಿನಲ್ಲಿ ಅರ್ಥ ಮಾಡಿಸಲು ಎರಡು ಸಂಜೆ ಹಿಡಿಯಿತು.

ಮಗ್ಗಿನ ಮೇಲೆ ಫೋಟೋ ಕೂರಿಸುವುದನ್ನು ಮಾತ್ರ ನಿಂತು ನೋಡಬೇಕು. ಫೋಟೋವನ್ನು ಒಂದು ಬಗೆಯ ಕಾಗದದ ಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಅಚ್ಚು ಹಾಕುತ್ತಾರೆ. ಕಾಗದವನ್ನು ಮಗ್ಗಿಗೆ ಸುತ್ತಿ, ಸುಮಾರು 180-200 ಡಿಗ್ರಿ ಬಿಸಿಯಲ್ಲಿ ಮೂರು-ನಾಲ್ಕು ನಿಮಿಷ ಒತ್ತಿ ಹಿಡಿಯುತ್ತಾರೆ. ಆ ಶಾಯಿ ಕರಗಿ ನೀರಾಗುವುದಿಲ್ಲ, ನೇರ ಆವಿಯಾಗಿ ಮಗ್ಗಿನ ಮೇಲಿನ ಲೇಪದೊಳಗೆ ಇಳಿಯುತ್ತದೆ. ಡಬ್ಬಿಯಲ್ಲಿಟ್ಟ ಕರ್ಪೂರ ಕರಗದೆಯೇ ಮಾಯವಾಗುತ್ತದಲ್ಲ, ಅದೇ ಕಥೆ. ಲೇಪ ಇಲ್ಲದ ಮಾಮೂಲಿ ಮಗ್ಗಿಗೆ ಇದು ಹಿಡಿಯುವುದಿಲ್ಲ.

ಇಷ್ಟೆಲ್ಲ ನೋಡಿ ನನಗೆ ಜಾಸ್ತಿ ಧೈರ್ಯ ಬಂತು. ದಿಂಬಿನ ಕವರನ್ನು ನಾನೇ ಮನೆಯಲ್ಲಿ ಮಾಡುತ್ತೇನೆ ಅಂದೆ. ಟ್ರಾನ್ಸ್‌ಫರ್ ಪೇಪರ್ ತಂದೆ. ಅಜ್ಜನ ಫೋಟೋ, ಕೆಳಗೆ 'ಅಜ್ಜಿಗೆ 80' ಅಂತ ಬರೆದು ಪ್ರಿಂಟ್ ತೆಗೆದೆ, ಇಸ್ತ್ರಿ ಪೆಟ್ಟಿಗೆಯಲ್ಲಿ ಒತ್ತಿದೆ. ಉಲ್ಟಾ ಮಾಡಬೇಕಿತ್ತು ಅನ್ನುವುದು ಕಾಗದ ಸುಲಿದ ಮೇಲೆ ನೆನಪಾಯಿತು. 'ಅಜ್ಜಿಗೆ' ಅನ್ನುವುದು ಯಾವ ಭಾಷೆಯೂ ಅಲ್ಲದ ಭಾಷೆಯಾಗಿತ್ತು. 80 ಮಾತ್ರ ಚೊಕ್ಕವಾಗಿ 08 ಆಗಿತ್ತು.

"ಎಂಟೇ? ಹಂಗಾದ್ರೆ ನಾಳೆಯಿಂದ ಶಾಲೆಗೆ ಹೋಗ್ಬೇಕಾ?" ಅಂದರು ಅಜ್ಜಿ.

ಅಕ್ಷರದ ತಪ್ಪು ಅಷ್ಟಕ್ಕೇ ಮುಗಿಯಿತು. ದೊಡ್ಡ ತಪ್ಪು ಬೇರೆ ಇತ್ತು. ಅತ್ತೆ ದಿಂಬನ್ನು ಕುರ್ಚಿಯ ಮೇಲಿಟ್ಟು "ಒರಗಿಕೊಳ್ಳಿ" ಅಂದಾಗ ಅಜ್ಜಿ ಬೆಚ್ಚಿಬಿದ್ದರು. "ಅವರ ಮುಖಕ್ಕೆ ಬೆನ್ನು ಹಾಕಿ ಕೂತ್ಕೊಳ್ಳೋದಾ?" ತಲೆಯಡಿಗೆ ಇಟ್ಟುಕೊಳ್ಳಿ ಅಂದರೆ ತಲೆಗೆ ಹಚ್ಚಿದ ಎಣ್ಣೆ ಅಜ್ಜನಿಗೆ ಮೆತ್ತುತ್ತದೆ. ಕೆಳಗೆ ಬಿದ್ದರೆ ಯಾರದಾದರೂ ಕಾಲು ತಾಗುತ್ತದೆ. ದಿಂಬಿಗೆ ಅಜ್ಜನ ಮುಖ ಅನ್ನುವ ಉಪಾಯ ಹೊಳೆದಾಗ ಇದೊಂದೂ ನನಗೆ ತೋಚಲಿಲ್ಲ. ಈಗ ಆ ದಿಂಬು ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿದೆ. ದೀಪಾವಳಿಗೆ ಕುಂಕುಮವೂ ಬಿತ್ತಂತೆ.

ಮಗ್ಗಿನ ಪಾಡೂ ಅಷ್ಟೇ. "ಇದರಲ್ಲಿ ಕುಡಿದ್ರೆ ಕಾಫಿ ಆರಿಸ್ಕೊಳ್ಳೋದು ಹೆಂಗೆ?" ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ಸುರಿದು ಕುಡಿಯುವವರಿಗೆ ಹಿಡಿ ಇರುವ ಪಾತ್ರೆ ಯಾತಕ್ಕೆ? ಅದರಲ್ಲೀಗ ಬಾಚಣಿಗೆ, ಟಾರ್ಚು ಇವೆ. ತಿಂಗಳಿಗೊಂದು ಮೊಮ್ಮಗುವಿನ ಫೋಟೋ ಹಾಕಿದ ಕ್ಯಾಲೆಂಡರೂ ಮಾಡಿಸಿದ್ದೆ. ಅದರಲ್ಲಿ ಏಕಾದಶಿ ಇಲ್ಲ, ಸಂಕಷ್ಟಿ ಇಲ್ಲ, ಆರಿದ್ರಾ ಮಳೆ ಯಾವತ್ತು ಹಿಡಿಯುತ್ತದೆ ಅಂತ ಇಲ್ಲ. ಸೊಸೈಟಿಯವರು ಕೊಟ್ಟ ಕ್ಯಾಲೆಂಡರಿನ ಹಿಂದೆ ಅದು ಮೊಳೆಗೆ ಆನಿಸಿಕೊಂಡಿದೆ.

ಉಳಿದದ್ದು ಕೊನೆಗೆ ಸುಮ್ನೆ ಮಾಡಿದ್ದು. ಸ್ಟುಡಿಯೋದಲ್ಲಿ 4×6ರ ಪ್ರಿಂಟು ಒಂದಕ್ಕೆ 15 ರೂಪಾಯಿ. 12 ಹಾಕಿಸಿದೆ, 180 ಆಯಿತು. ಮನೆಯಲ್ಲಿ ಹಳೆಯ ಮದುವೆ ಕಾಗದಗಳ ಕಟ್ಟು ಇತ್ತು. ಆ ರಟ್ಟುಗಳನ್ನು ಒಂದಕ್ಕೊಂದು ಬಟ್ಟೆಪಟ್ಟಿಯಲ್ಲಿ ಜೋಡಿಸಿ ಮಡಚುವ ಆಲ್ಬಮ್ ಮಾಡಿದೆ. ನೀರುನೀರಾದ ಅಂಟು ಹಚ್ಚಿದರೆ ಫೋಟೋ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ, ಮೈದಾ ಅಂಟಾದರೆ ಜಿರಲೆಗೆ ಹಬ್ಬ. ಅದಕ್ಕೇ ಕಪ್ಪು ಕಾಗದದಲ್ಲಿ ಮೂಲೆಗಳನ್ನು ಮಾಡಿ, ಹಳೆಯ ಆಲ್ಬಮ್ಮುಗಳಲ್ಲಿ ಇರುತ್ತಿತ್ತಲ್ಲ ಹಾಗೆ, ಫೋಟೋ ಸಿಕ್ಕಿಸಿದೆ. ಒಳಗೆ ಒಂದು ಕಡೆ ಯಾರದೋ ಮದುವೆಯ ಗಣಪತಿ ಅರ್ಧ ಕಾಣುತ್ತಾನೆ. ಇರಲಿ ಬಿಡಿ.

ಅಜ್ಜಿ ಅದನ್ನು ಎಲೆ ಅಡಿಕೆಯ ಸಂಚಿಯ ಜೊತೆ ಇಟ್ಟುಕೊಂಡಿದ್ದಾರೆ. ಅಂಚಿಗೆಲ್ಲ ಸುಣ್ಣ ಹತ್ತಿದೆ. ಬಂದವರೆಲ್ಲ ಬಿಡಿಸಿ, ಮೊದಲು ತಾವೆಲ್ಲಿದ್ದೇವೆ ಅಂತ ಹುಡುಕಿ, ಇದ್ದರೆ "ಚೆನ್ನಾಗಿದೆ" ಅನ್ನುತ್ತಾರೆ. ಅಜ್ಜಿ ಮಾತ್ರ ಅಜ್ಜನ ಪುಟದಲ್ಲೇ ನಿಂತರು.

"ಗಂಗೆ ಎಲ್ಲಿ?"

ಗಂಗೆ ಯಾರು?

"ಹಸು ಕಣೇ."

ಹಳೆಯ ಫೋಟೋದ ಎಡಗಡೆ ಏನೋ ಕಂದು ಕಂದಾಗಿ ಅಡ್ಡ ಬಂದಿತ್ತು. ನೋಡಲು ಚೆನ್ನಾಗಿಲ್ಲ ಅಂತ ನಾನೇ ಕತ್ತರಿಸಿದ್ದೆ. ಫೋಟೋದವನು ರೆಡಿ ಅನ್ನುವಷ್ಟರಲ್ಲಿ ಗಂಗೆ ಬಾಲ ಬೀಸಿ ಅಜ್ಜನ ಕನ್ನಡಕ ಹಾರಿಸಿತ್ತಂತೆ. "ಅದಕ್ಕೇ ಕನ್ನಡಕ ಇಲ್ಲ ನೋಡು. ಅದಕ್ಕೇ ನಗ್ತಿದ್ದಾರೆ. ಇಲ್ದಿದ್ರೆ ಇವರೆಲ್ಲಿ ನಗ್ತಿದ್ರು?"

ಮತ್ತೆ ಸ್ಟುಡಿಯೋಗೆ ಹೋದೆ. ಇಡೀ ಫೋಟೋ ಕೊಟ್ಟೆ.

"ಪಕ್ಕದಲ್ಲಿ ಬಾಲ ಇದೆ ಮೇಡಂ, ತೆಗೀಲಾ?"

ಬೇಡ ಅಂದೆ. 15 ರೂಪಾಯಿ ಕೊಟ್ಟು ಬಂದೆ.