ಆರ್‌ಸಿಯಲ್ಲಿ ತಪ್ಪಿದ್ದರೆ ಮತ್ತೆ ಪೂರ್ತಿ ತೆರಿಗೆಯೇ? ಒಂದು ಸ್ಪಷ್ಟನೆ

ಪಿಂಪ್ರಿ-ಚಿಂಚವಾಡದ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಆರ್‌ಸಿಯಲ್ಲಿ ಪೆಟ್ರೋಲ್ ಬದಲು ಡೀಸೆಲ್ ಎಂದು ಬಿದ್ದಿದ್ದರೆ ನಂಬರ್ ರದ್ದಾಗುತ್ತದೆ, ಹೊಸ ನೋಂದಣಿ ಮಾಡಿಸಿ ಪೂರ್ತಿ ರಸ್ತೆ ತೆರಿಗೆ ಮತ್ತೆ ಕಟ್ಟಬೇಕು.’ ಇದು ಸರಿಯಲ್ಲ.

ನಮೂದಿನ ತಪ್ಪನ್ನು ನೋಂದಣಿ ಮಾಡಿದ ಆರ್‌ಟಿಒದಲ್ಲೇ ತಿದ್ದಿಸಬಹುದು. ನಂಬರ್ ಅದೇ ಉಳಿಯುತ್ತದೆ. ಡೀಲರ್ ಕೊಟ್ಟ ಮಾರಾಟ ಪತ್ರ (ಫಾರ್ಮ್ 21), ತಯಾರಕರ ಫಾರ್ಮ್ 22, ವಿಮೆ, ತೆರಿಗೆ ರಸೀದಿ ಜೊತೆಗೆ ಲಿಖಿತ ಅರ್ಜಿ ಕೊಡಿ. ಗಾಡಿಯನ್ನೂ ತೋರಿಸಬೇಕಾಗಬಹುದು, ಚಾಸಿ ನಂಬರ್ ತಾಳೆ ನೋಡಲು.

ಆದರೆ ತಪ್ಪನ್ನು ಹಾಗೇ ಬಿಡಬೇಡಿ, ಇಲ್ಲಿ ದುಡ್ಡಿನ ಮಾತಿದೆ. ಮಹಾರಾಷ್ಟ್ರದಲ್ಲಿ 10 ಲಕ್ಷದೊಳಗಿನ, ಸ್ವಂತ ಹೆಸರಿನ ಪೆಟ್ರೋಲ್ ಕಾರಿಗೆ ರಸ್ತೆ ತೆರಿಗೆ ಶೇ. 11, ಡೀಸೆಲ್‌ಗೆ ಶೇ. 13. ತೆರಿಗೆಗೆ ಹಿಡಿದ ಬೆಲೆ 9 ಲಕ್ಷವಾದರೆ 99,000 ಎಲ್ಲಿ, 1,17,000 ಎಲ್ಲಿ! ಡೀಸೆಲ್ ಲೆಕ್ಕದಲ್ಲೇ ಕಟ್ಟಿಸಿಕೊಂಡಿದ್ದರೆ ಹೆಚ್ಚಾದ 18,000 ವಾಪಸಿಗೂ ಲಿಖಿತವಾಗಿ ಕೇಳಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕಡಿಮೆ ಕಟ್ಟಿದ್ದರೆ ಬಾಕಿ ಕೇಳುತ್ತಾರೆ, ಅದೂ ನ್ಯಾಯವೇ.

ಗೊಂದಲ ಹುಟ್ಟಿದ್ದು ಬಹುಶಃ ಇನ್ನೊಂದು ನಿಯಮದಿಂದ. ಕೆಎ ನಂಬರಿನ ಗಾಡಿ ಇಲ್ಲಿ 12 ತಿಂಗಳು ಮೀರಿ ಉಳಿದರೆ, ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಎಂಎಚ್ ನಂಬರ್ ಪಡೆಯಬೇಕು. ಆಗ ಇಲ್ಲಿಯ ತೆರಿಗೆ ಬೀಳುತ್ತದೆ. ಹುಬ್ಬಳ್ಳಿಯಿಂದ ಗಾಡಿ ತಂದವರ ಕತೆಯನ್ನು ಚಿಂಚವಾಡದಲ್ಲೇ ಕೊಂಡವರಿಗೆ ಅಂಟಿಸಿದ್ದಾರೆ, ಅಷ್ಟೇ.