ನಾನು ಮಲಗದಿದ್ದರೆ ಎಲ್ಲ ಸರಿ ಇತ್ತು

ಮೇ ತಿಂಗಳ ಕಲಬುರಗಿಯಲ್ಲಿ ಮನೆಯೊಳಗೆ ಮಲಗಿ ನಿದ್ದೆ ಮಾಡಿದವರು ಯಾರಾದರೂ ಇದ್ದರೆ ಅವರಿಗೆ ಕೈ ಮುಗಿಯಬೇಕು. ಮಧ್ಯಾಹ್ನದ 42, 43 ಡಿಗ್ರಿ ಬಿಸಿಲನ್ನು ಕುಡಿದ ಛತ್ತು, ರಾತ್ರಿ ಹನ್ನೊಂದಾದರೂ ಅದನ್ನು ನಮ್ಮ ಮೇಲೆ ಕಾರುತ್ತಲೇ ಇರುತ್ತದೆ. ಮಾಳಿಗೆಗೆ ಹೋಗಿ ಚಾಪೆ ಹಾಸಿದರೆ ಶಹಾಬಾದ್ ಫರ್ಸಿ ಕೆಳಗಿನಿಂದ ಬೆನ್ನು ಕಾಯಿಸುತ್ತದೆ. ಅದಕ್ಕೇ ಈ ಸಲ ಆನ್‌ಲೈನಿನಲ್ಲಿ ಹ್ಯಾಮಕ್ ತರಿಸಿದೆ, ಅಂದರೆ ಎರಡು ತುದಿಗೆ ಕಟ್ಟಿ ಮಲಗೋ ಬಟ್ಟೆಯ ತೂಗುಹಾಸಿಗೆ. ಮರ ಬೇಡ, ಗೋಡೆಗೆ ಕೊಂಡಿ ಬೇಡ. ಒಂಬತ್ತು ಅಡಿಯ ಕಬ್ಬಿಣದ ಸ್ಟ್ಯಾಂಡ್ ಜೊತೆಗೇ ಬರುತ್ತದೆ. ಪೈಪಿನೊಳಗೆ ಪೈಪ್ ತುರುಕಿ, ಎರಡು ತುದಿಗೆ ಬಟ್ಟೆ ಸಿಕ್ಕಿಸಿದರೆ ಮುಗೀತು. ಬಿಚ್ಚಿದರೆ ಚೀಲದಲ್ಲಿ ಹಿಡಿಯುತ್ತದೆ.

ಅವ್ವ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ಜೋಳಗಿ ಕಟ್ಟೀಯೇನೋ? ನಲವತ್ತೆಂಟ್ ವರ್ಷಕ್ಕ?" ಎಂದು ಕೇಳಿ ಕೆಳಗೆ ಇಳಿದು ಹೋದಳು.

ಮೇ ಪೂರ್ತಿ ಸುಖವಾಗಿತ್ತು. ಜೂನ್ ಮೊದಲ ವಾರ ದಾಟಿ ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿತು ನೋಡಿ, ಶುರುವಾಯಿತು. ಜಿಲ್ಲೆಯೇ ತೊಗರಿ ಬಿತ್ತೋಕೆ ಮುಗಿಲು ನೋಡುತ್ತಿದ್ದರೆ ನಾನೊಬ್ಬ ಅದೇ ಮುಗಿಲಿಗೆ ಬೈಯುತ್ತಿದ್ದೆ. ಎರಡು ರಾತ್ರಿ ದಿಂಬು ಬಗಲಲ್ಲಿ ಹಿಡಿದು ಓಡಿದೆ. ಮೂರನೇ ದಿನ ತಾಡಪತ್ರಿ ತರೋಕೆ ಕಾಳುಕಡಿಯ ಪೇಟೆ ನೆಹರೂ ಗಂಜಿಗೆ ಹೋದೆ.

"ಎಷ್ಟ್ ಚೀಲದ ರಾಶಿ ಅದರೀ?" ಅಂದ ಅಂಗಡಿಯವ.

"ರಾಶಿ ಅಲ್ರಿ, ನನ್ನ ಮ್ಯಾಲ ಹಾಕ್ಲಿಕ್ಕೆ."

ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ಅಳೆದ. "ಹಂಗಾದ್ರ ಹನ್ನೆರಡ್ ಬೈ ಒಂಬತ್ ಸಾಕು. ಆದ್ರ 200 ಜಿಎಸ್‌ಎಂದ್ ತಗೋರಿ." ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ತಾಡಪತ್ರಿ ಎಷ್ಟು ಗ್ರಾಂ ತೂಗುತ್ತದೆ ಅನ್ನೋ ಲೆಕ್ಕ. ದಪ್ಪದ್ದು ತೊಗರಿಗೆ ಇರಲಿ ಅಂದುಕೊಂಡೆ. ನಮ್ಮ ತೊಗರಿಗೆ 2019ರಲ್ಲಿ ಊರಿನ ಹೆಸರಿನ ಜಿಐ ಟ್ಯಾಗ್ ಸಿಕ್ಕಿದೆ, ನನಗೇನು ಸಿಕ್ಕಿದೆ? 90ರದ್ದನ್ನೇ ತಂದೆ.

ಸ್ಟ್ಯಾಂಡಿನ ಎರಡೂ ತುದಿಗೆ ಒಂದೊಂದು ಬಿದಿರು ಗಳ ಕಟ್ಟಿದೆ. ಗಳದಿಂದ ಗಳಕ್ಕೆ ನೈಲಾನ್ ಹಗ್ಗ ಬಿಗಿದೆ. ಅದರ ಮೇಲೆ ತಾಡಪತ್ರಿ. ಮಾಳಿಗೆಯಲ್ಲಿ ಗೂಟ ಹೊಡೆಯೋಕೆ ಆಗಲ್ಲವಲ್ಲ, ಒಂದು ಮೂಲೆಯನ್ನು ಟಾಕಿಯ ಪೈಪಿಗೆ, ಇನ್ನೊಂದನ್ನು ಮೆಟ್ಟಿಲ ಕಂಬಿಗೆ, ಉಳಿದ ಎರಡನ್ನು 20 ಲೀಟರಿನ ನೀರಿನ ಕ್ಯಾನುಗಳಿಗೆ ಕಟ್ಟಿದೆ. ಹಗ್ಗ ಬಿಗಿಯೋ ಗಂಟೊಂದಕ್ಕೇ ಹನ್ನೊಂದು ನಿಮಿಷದ ವೀಡಿಯೋ ಮೂರು ಸಲ ನೋಡಿದ್ದೇನೆ. ಅದೇ ಗಂಟನ್ನು ಗಂಜಿನ ಹಮಾಲರು ಬೀಡಿ ಬಾಯಲ್ಲಿಟ್ಟುಕೊಂಡೇ ಲಾರಿ ಲೋಡಿಗೆ ಹಾಕುತ್ತಾರೆ ಅಂತ ಆಮೇಲೆ ಗೊತ್ತಾಯಿತು.

ಅವತ್ತೇ ಸಂಜೆ ಗಾಳಿ ಬಂತು. ನೀರು ಬಾರದ ದಿನ ಅಂತ ಹೆಂಡತಿ ಒಂದು ಕ್ಯಾನ್ ಖಾಲಿ ಮಾಡಿದ್ದಳು. ನನಗೆ ಹೇಳಿರಲಿಲ್ಲ. ಖಾಲಿ ಕ್ಯಾನು ತಾಡಪತ್ರಿಯ ಬಾಲಕ್ಕೆ ಜೋತು ಬಿದ್ದು ಮಾಳಿಗೆ ತುಂಬ ಡೊಳ್ಳು ಬಾರಿಸುತ್ತಾ ಕುಣಿಯಿತು. ಹಗ್ಗ ಕಟ್ಟೋ ಹಿತ್ತಾಳೆ ಕಣ್ಣೊಂದು ಕಿತ್ತು ಬಂತು. 90 ಜಿಎಸ್‌ಎಂ. ಕಿತ್ತ ಮೂಲೆಯೊಳಗೆ ಒಂದು ಬೆಣಚುಕಲ್ಲಿಟ್ಟು, ಮಡಚಿ, ಅದರ ಕುತ್ತಿಗೆಗೆ ಹಗ್ಗ ಬಿಗಿದೆ. ಕ್ಯಾನಿನ ಜಾಗಕ್ಕೆ ಫರ್ಸಿ ಕಲ್ಲುಗಳು ಬಂದವು.

ಮರುದಿನ ಜೇವರ್ಗಿಯಿಂದ ಮಾಮಾ ಬಂದರು. ಜೀವಮಾನವಿಡೀ ರಾಶಿಗೆ ತಾಡಪತ್ರಿ ಹೊದಿಸಿದ ಮನುಷ್ಯ. ಕೆಳಗಿನಿಂದ ಮೇಲೆ ಒಮ್ಮೆ ನೋಡಿ, "ಅಳಿಯಾ, ಒಂದ್ ಮಗ್ಗಲ ತಗ್ಗ್ ಮಾಡೋ. ನೀರಿಗಿ ದಾರಿ ಬೇಕು" ಅಂದರು. ನಾನು ವೀಡಿಯೋದಲ್ಲಿ ಹೀಗೇ ಇದೆ ಅಂದೆ. "ಹಂಗಾದ್ರ ಆಯ್ತು ಬಿಡು" ಅಂತ ಕುರ್ಚಿ ಹಾಕಿಕೊಂಡು ತಾಡಪತ್ರಿಯ ಅಂಚಿಗೆ ಕೂತರು. ಹೆಂಡತಿ ಸುಸಲಾ, ಮಿರ್ಚಿ ಭಜಿ ತಂದುಕೊಟ್ಟಳು.

ಮಳೆ ಶುರುವಾಯಿತು. ಒಂದು ಹನಿ ಒಳಗೆ ಬೀಳಲಿಲ್ಲ. ತಾಡಪತ್ರಿ ಹಲಗೆಯ ಹಾಗೆ ಬಿಗಿಯಾಗಿ ನಿಂತು ಪಟಪಟ ಅನ್ನುತ್ತಿತ್ತು. ನಾನು ನಿಂತುಕೊಂಡೇ ಎರಡು ಭಜಿ ತಿಂದೆ. ಆಮೇಲೆ ರಾಜಗಾಂಭೀರ್ಯದಿಂದ ಹೋಗಿ ಹ್ಯಾಮಕ್ಕಿನಲ್ಲಿ ಮಲಗಿದೆ.

ಮಲಗಿದ್ದೇ ತಡ, ಮೇಲಿನ ಹಗ್ಗ ಜೋಲು ಬಿತ್ತು. ತಾಡಪತ್ರಿ ನಡುವೆ ತಗ್ಗಾಯಿತು. ತಗ್ಗಿಗೆ ನೀರು, ನೀರಿನ ಭಾರಕ್ಕೆ ಇನ್ನಷ್ಟು ತಗ್ಗು. ನೋಡುತ್ತಾ ನೋಡುತ್ತಾ ನನ್ನ ಹೊಟ್ಟೆಗೆ ಎದುರಾಗಿ ಅದಕ್ಕೂ ಒಂದು ಹೊಟ್ಟೆ ಬಂತು. ಎರಡು ಹೊಟ್ಟೆಗಳ ನಡುವೆ ಒಂದು ಗೇಣು ಜಾಗ. ಮಲಗಿದಲ್ಲಿಂದಲೇ ಬಲಗಾಲು ಎತ್ತಿ ಹೆಬ್ಬೆರಳಿನಿಂದ ಮೆಲ್ಲಗೆ ಅದನ್ನು ನೂಕಿದೆ.

ನೀರಿಗೆ ದಾರಿ ಸಿಕ್ಕಿತು. ಮಾಮಾನ ಕಡೆಗೆ.

ಒಂದು ಕೊಡ ಅನ್ನಿ, ಒಂದೂವರೆ ಕೊಡ ಅನ್ನಿ, ಒಮ್ಮೆಲೇ ಸುರಿಯಿತು. ಸುಸಲಾ ಮಾಡೋಕೆ ಚುರಮುರಿ ನೆನೆಸಲೇಬೇಕು, ಒಪ್ಪಿದೆ. ಆದರೆ ಒಗ್ಗರಣೆ ಆದಮೇಲೆ ಮತ್ತೊಮ್ಮೆ ನೆನೆಸೋ ಪದ್ಧತಿ ನಮ್ಮಲ್ಲೂ ಇಲ್ಲ. ಮಾಮಾ ಏನೂ ಅನ್ನಲಿಲ್ಲ. ತಟ್ಟೆ ಓರೆ ಮಾಡಿ ನೀರು ಬಸಿದರು. ಮೀಸೆಯಿಂದ ಒಂದು ಶೇಂಗಾ ಕಾಳು ತೆಗೆದು ನೋಡಿ ಬಾಯಿಗೆ ಹಾಕಿಕೊಂಡರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಇದ್ಯಾಕೆ ಹೀಗಾಯಿತು ಅಂತ ನನಗೆ ಹೇಳಿಕೊಟ್ಟವಳು ಪಿಯುಸಿ ಸೈನ್ಸ್ ಓದೋ ಮಗಳು.

"ಪಪ್ಪಾ, ನಿಮ್ ತೂಕ ಎಷ್ಟು?"

"ಎಂಬತ್ತು."

"ಖರೇ ಹೇಳ್ರಿ."

"ಎಂಬತ್ತಾರು."

ರಫ್ ಬುಕ್ಕಿನಲ್ಲಿ ಒಂದು ತ್ರಿಕೋನ ಬರೆದಳು. ಎರಡು ಕಡೆ ಕಟ್ಟಿದ್ದಕ್ಕೆ ಒಂದೊಂದು ಕಡೆ 43 ಕಿಲೋ ಅಂತ ನಾನು ತಿಳಿದಿದ್ದೆ. ಅಲ್ಲವಂತೆ. ಹ್ಯಾಮಕ್ಕಿನ ಹಗ್ಗ 30 ಡಿಗ್ರಿ ಓರೆಯಲ್ಲಿದ್ದರೆ ಒಂದೊಂದು ಹಗ್ಗದ ಮೇಲೂ ಪೂರ್ತಿ 86 ಕಿಲೋ ಎಳೆತ ಬೀಳುತ್ತದೆ. ಅದರಲ್ಲಿ ಸ್ಟ್ಯಾಂಡಿನ ತುದಿಯನ್ನು ಒಳಕ್ಕೆ ಜಗ್ಗೋದೇ 74 ಕಿಲೋ. ತುದಿಗಳು ನಾಲ್ಕು ಬೆರಳು ಒಳಗೆ ಬಂದರೆ, ಅವಕ್ಕೆ ಕಟ್ಟಿದ ಗಳದ ತಲೆ ಇನ್ನೂ ಹೆಚ್ಚು ಬಾಗುತ್ತದೆ. ಮೇಲಿನ ಹಗ್ಗ ಸಡಿಲ. ನೈಲಾನು ನೆನೆದರೆ ತಾನೂ ಒಂದಿಷ್ಟು ಹಿಗ್ಗುತ್ತದೆ, ಅದು ಬೇರೆ.

"ಅಂದ್ರ ನಾನು ಮಲಗ್ದಿದ್ರ ಎಲ್ಲಾ ಬರೋಬರಿ ಇತ್ತು?"

"ಹೂಂ. ಸೆಟಪ್ ಮಸ್ತ್ ಅದ ಪಪ್ಪಾ."

ಅಂದಮೇಲೆ ತಾಡಪತ್ರಿಯ ಹಗ್ಗಕ್ಕೂ ಸ್ಟ್ಯಾಂಡಿಗೂ ಸಂಬಂಧ ಇರಬಾರದು. ಮಾಮಾ ಹೆಗಲ ಮೇಲಿನ ಟವೆಲ್ ಹಿಂಡಿ ಎದ್ದರು. ಬಿದಿರು ಬಿಚ್ಚಿಸಿದರು. ಹಗ್ಗವನ್ನು ಟಾಕಿಯ ಕಂಬದಿಂದ ಮೆಟ್ಟಿಲ ಕೋಣೆಯ ಕೊಂಡಿಗೆ ಎಳೆದು ಕಟ್ಟಿಸಿದರು. ಒಂದು ಮಗ್ಗುಲು ತಗ್ಗು ಮಾಡಿಸಿದರು. ಮತ್ತೆ ಮಳೆ ಬಂದಾಗ ತಾಡಪತ್ರಿ ಜಪ್ಪಯ್ಯ ಅನ್ನಲಿಲ್ಲ, ಆದರೆ ನನ್ನ ಬೆನ್ನು ಒದ್ದೆ. ಸ್ಟ್ಯಾಂಡಿನ ಹೊರಗೆ ಚಾಚಿದ ತುದಿಗೆ ಬಿದ್ದ ನೀರು ಹ್ಯಾಮಕ್ಕಿನ ಹಗ್ಗ ಹಿಡಿದು ಇಳಿದು ಬರುತ್ತಿತ್ತು. ಇದಕ್ಕೆ ಔಷಧ ಅವ್ವನ ಹತ್ತಿರ ಇತ್ತು. ಹಗ್ಗದ ನಡುವೆ ಒಂದು ಗೇಣು ಸುತಳಿ ಗಂಟು ಹಾಕಿ ಕೆಳಗೆ ಇಳಿಬಿಟ್ಟಳು. ನೀರು ಅಲ್ಲಿವರೆಗೆ ಬಂದು, ಸುತಳಿ ಹಿಡಿದು ಟಪ್ ಟಪ್ ಅಂತ ನೆಲಕ್ಕೆ ಬೀಳತೊಡಗಿತು. "ಸೋರೂ ನಳಕ್ಕ ಅರಿವಿ ಕಟ್ಟಲ್ಲೇನ್, ಹಂಗ" ಅಂದಳು. ವೀಡಿಯೋದಲ್ಲಿ ಇದೂ ಇತ್ತಂತೆ. ಒಂಬತ್ತನೇ ನಿಮಿಷದಲ್ಲಿ. ನನಗೆ ಅಲ್ಲಿ ಪ್ರತಿ ಸಲ ನಿದ್ದೆ ಬಂದಿತ್ತು.

ಈಗ ಎಲ್ಲ ಸರಿಯಾಗಿದೆ. ನಿನ್ನೆ ಸಂಜೆ ಮೋಡ ಕವಿಯಿತು. ಮನೆಮಂದಿಗೆಲ್ಲ ಹೇಳಿ, ದಿಂಬು ಹಿಡಿದು ಮಾಳಿಗೆ ಹತ್ತಿದೆ. ಹಗ್ಗದ ತುಂಬ ಸೀರೆ, ಟವೆಲ್, ಮಗಳ ಯೂನಿಫಾರ್ಮು ಸಾಲಾಗಿ ನೇತಾಡುತ್ತಿದ್ದವು. ಹ್ಯಾಮಕ್ಕಿನೊಳಗೆ ಒಣಗಿದ ಬಟ್ಟೆಗಳ ಗುಡ್ಡೆ. ಮಳೆ ಹೊಯ್ಯುತ್ತಿತ್ತು, ಒಂದೇ ಒಂದು ಬಟ್ಟೆ ನೆಂದಿರಲಿಲ್ಲ.

ನಾನು ಗುಡ್ಡೆ ಎತ್ತಿಡೋಕೆ ಕೈ ಹಾಕಿದೆ. ಮೆಟ್ಟಿಲ ಹತ್ತಿರ ನಿಂತಿದ್ದ ಹೆಂಡತಿ ಅಂದಳು, "ಇರ್ಲಿ ಬಿಡ್ರಿ. ನೀವು ಮಲಗಿದ್ರ ಮತ್ತ ಜೋಲು ಬೀಳ್ತದ."