ಕಬಿನೀಲಿ ಹೀಗಿಲ್ಲ ಕಣ್ರೀ

ಆಫ್ರಿಕಾದಲ್ಲಿ ಸಫಾರಿ ಮಾಡಿ ಬಂದೆ ಅಂತ ಬೆಂಗಳೂರಿನಲ್ಲಿ ಯಾರಿಗಾದರೂ ಹೇಳಿ ನೋಡಿ. ಮೊದಲ ಪ್ರಶ್ನೆಯೇ "ಹುಲಿ ಸಿಕ್ತಾ?" ಲಿಫ್ಟಿನಲ್ಲಿ ಮೂರನೇ ಮಹಡಿಯವರು ಕೇಳಿದರು. ತಳ್ಳುಗಾಡಿಯ ತರಕಾರಿಯವನು ಕೇಳಿದ. ನಿನ್ನೆ ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಕನ್ನಡಿ ಇಟ್ಟುಕೊಂಡೇ ಕೇಳಿದರು. ಆಫ್ರಿಕಾದ ಕಾಡುಗಳಲ್ಲಿ ಹುಲಿ ಇಲ್ಲ ಸ್ವಾಮಿ ಅಂದರೆ ಮುಖದಲ್ಲಿ ಅಯ್ಯೋ ಪಾಪ. ಅಷ್ಟು ದುಡ್ಡು ಸುರಿದು ಹೋಗಿ ಹುಲೀನೂ ಸಿಗಲಿಲ್ವಂತೆ!

ಇದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ನಾನು ಈ ಹುಲಿಯ ಕಾಟವನ್ನು ಕೀನ್ಯಾದ ಮಸಾಯಿ ಮಾರಾ ಕಾಡಿನಲ್ಲೇ, ಸಿಂಹದ ಎದುರಿಗೇ ಕೂತು ಅನುಭವಿಸಿ ಬಂದವನು. ಕಾರಣ ನಮ್ಮ ಷಡ್ಡಕರು.

ಷಡ್ಡಕರು ವರ್ಷಕ್ಕೊಮ್ಮೆಯಾದರೂ ಕಬಿನಿಗೆ ಹೋಗುವವರು. ಹೋಗಲಿ, ಸಂತೋಷ. ನಾವೂ ಹೋಗಿದ್ದೇವೆ. ಆದರೆ ಕಬಿನಿ ಅವರಿಗೆ ಒಂದು ಅಳತೆಗೋಲು. ನೈರೋಬಿಯ ಏರ್‌ಪೋರ್ಟಿನಿಂದಲೇ ಅಳೆಯಲು ಶುರು ಮಾಡಿದರು. ಜೀಪು ನೋಡಿ "ಕಬಿನೀಲಿ ಹೀಗೆ ಮೇಲ್ಛಾವಣಿ ಇರಲ್ಲ ಕಣ್ರೀ, ಫ್ರೀಯಾಗಿ ಕಾಣ್ಸುತ್ತೆ" ಅಂದರು. ಛಾವಣಿ ಮೇಲಕ್ಕೆ ತೆರೆಯುತ್ತೆ ಅಂತ ಡ್ರೈವರು ತೆರೆದು ತೋರಿಸಿದ. "ಬಿಸಿಲು ಬೀಳುತ್ತಲ್ರೀ" ಅಂದರು.

ನಮ್ಮ ಕಾಡುಗಳಲ್ಲಿ ಹುಲಿ ಹುಡುಕುವುದು ಕಿವಿಯಿಂದ. ಜಿಂಕೆ ಕೂಗಿತು, ಮುಸುವ ಕೂಗಿತು ಅಂದರೆ 'ಕಾಲ್ ಆಯ್ತು' ಅಂತ ಗಾಡಿ ನಿಲ್ಲಿಸಿ ಉಸಿರು ಬಿಗಿ ಹಿಡಿದು ಕೂರುತ್ತೇವೆ. ಮಾರಾ ಹಾಗಲ್ಲ. ಸಾವಿರದ ಐನೂರು ಚದರ ಕಿಲೋಮೀಟರ್, ಬಹುಪಾಲು ಬಯಲು ಹುಲ್ಲುಗಾವಲು. ಆನೆ ಎಲ್ಲೋ ದೂರದಲ್ಲಿ ಇದ್ದಾಗಲೇ ಕಾಣುತ್ತೆ. ಅಲ್ಲೂ ಇವರು "ಶ್ಶ್! ಕಾಲ್!" ಅಂತ ಕೈ ಎತ್ತಿ ಗಾಡಿ ನಿಲ್ಲಿಸಿದರು. ಇಂಜಿನ್ ಆಫ್. ಎಲ್ಲರೂ ಕಿವಿ ನಿಮಿರಿಸಿ ಕೂತೆವು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಸದ್ದು. ಅದು ಅತ್ತಿಗೆ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ ಕಿರುಗುಟ್ಟು. ಚಕ್ಕುಲಿ ಹಂಚಿದರು, ಗಾಡಿ ಮುಂದೆ ಹೋಯಿತು.

ಮರದ ಮೇಲೆ ಚಿರತೆ ಸಿಕ್ಕಿತು. ಕೊಂಬೆಯ ಎರಡೂ ಕಡೆ ಕಾಲು ಇಳಿಬಿಟ್ಟು ಮಲಗಿತ್ತು, ಬಾಲದ ತುದಿ ಮಾತ್ರ ಆಡುತ್ತಿತ್ತು. ನನಗೆ ಮಾತೇ ಹೊರಡಲಿಲ್ಲ. ಷಡ್ಡಕರಿಗೆ ಹೊರಟಿತು. "ನಮ್ ಕಬಿನೀಲಿ ಕರಿಚಿರತೆನೇ ಇದೆ" ಅಂತ ಡ್ರೈವರಿಗೆ ಇಂಗ್ಲಿಷಿನಲ್ಲಿ ತಿಳಿಸಿದರು. ಅವನು ಬಹಳ ಮರ್ಯಾದೆಯಿಂದ "ನಮ್ಮಲ್ಲೂ ಇದೆ ಸಾರ್, ಲೈಕಿಪಿಯಾ ಕಡೆ" ಅಂದ. ಜೀಪಿನಲ್ಲಿ ಸ್ವಲ್ಪ ಹೊತ್ತು ಶಾಂತಿ. ನನ್ನ ಹೆಂಡತಿ ನನ್ನ ಕಡೆ ತಿರುಗದೆ ನನ್ನ ಕೈ ಚಿವುಟಿದಳು. ಇಡೀ ಪ್ರವಾಸದಲ್ಲಿ ನಾವಿಬ್ಬರೂ ಇಷ್ಟು ಅನ್ಯೋನ್ಯವಾಗಿದ್ದ ಗಳಿಗೆ ಇನ್ನೊಂದಿಲ್ಲ.

ಶಾಂತಿ ಬಾಳಲಿಲ್ಲ. ಮಧ್ಯಾಹ್ನ ಒಂದು ಗಂಡು ಸಿಂಹ ಸಿಕ್ಕಿತು. ಪೊದೆಯ ನೆರಳಲ್ಲಿ ಬಿದ್ದುಕೊಂಡಿತ್ತು, ಮೂಗಿನ ಮೇಲೆ ನೊಣ. ಆರೇಳು ಗಾಡಿ ಸುತ್ತ ನಿಂತಿದ್ದವು. ಷಡ್ಡಕರು ಮೊಬೈಲ್ ತೆಗೆದು ಡ್ರೈವರ ಮೂಗಿನ ಕೆಳಗೆ ಹಿಡಿದರು. ಕಬಿನಿಯ ಹುಲಿಯ ವಿಡಿಯೊ. ತಾಯಿ ಹುಲಿ ಮೂರು ಮರಿ ಕಟ್ಟಿಕೊಂಡು ದಾರಿ ದಾಟುತ್ತೆ, ಕೊನೇ ಮರಿ ತಿರುಗಿ ಒಮ್ಮೆ ನೋಡುತ್ತೆ. ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ಡ್ರೈವರು ಬಾಯಿ ಬಿಟ್ಟುಕೊಂಡು ನೋಡಿದ. ಇನ್ನೊಮ್ಮೆ ಹಾಕಿ ಅಂದ. ಆಮೇಲೆ ಪಕ್ಕದ ಗಾಡಿಯವನನ್ನು ಸ್ವಾಹಿಲಿಯಲ್ಲಿ ಕೂಗಿದ. ಅಲ್ಲಿ ಗಾಡಿಯಿಂದ ಇಳಿಯುವ ಹಾಗಿಲ್ಲ, ಹಾಗಾಗಿ ಮೊಬೈಲು ಕಿಟಕಿಯಿಂದ ಕಿಟಕಿಗೆ ದಾಟುತ್ತಾ ಹೋಯಿತು, ಮದುವೆಮನೆಯಲ್ಲಿ ಹುಡುಗಿಯ ಫೋಟೊ ದಾಟುವ ಹಾಗೆ. ದಿನಾ ಸಿಂಹ ನೋಡಿ ಬೇಸತ್ತ ಡ್ರೈವರುಗಳೆಲ್ಲ ಅದರ ಮೇಲೆ ಬಗ್ಗಿಕೊಂಡರು. ಷಡ್ಡಕರು ಛಾವಣಿಯಿಂದ ತಲೆ ಹೊರಗೆ ಹಾಕಿ ನಿಂತು, "2022ರ ಗಣತಿಯಲ್ಲಿ ಕರ್ನಾಟಕದಲ್ಲೇ 563 ಹುಲಿ!" ಅಂತ ಬಯಲಿಗೆಲ್ಲ ಕೇಳುವಂತೆ ವರದಿ ಕೊಡುತ್ತಿದ್ದರು.

ಅಷ್ಟರಲ್ಲಿ ಸಿಂಹ ಎದ್ದಿತು. ಮೈ ಮುರಿಯಿತು. ಒಂದು ಸಲ ಆಕಳಿಸಿ, ನಮ್ಮ ಗಾಡಿಯ ಹಿಂದಿನ ಚಕ್ರಕ್ಕೆ ತಾಗುವಷ್ಟು ಹತ್ತಿರದಿಂದ ನಡೆದು ಹೋಯಿತು. ಗಾಡಿಯನ್ನು ಸ್ವಲ್ಪ ತಿರುಗಿಸಿದ್ದರೆ ಮುಖ ಕಾಣುತ್ತಿತ್ತು. ತಿರುಗಿಸಬೇಕಾದವನು ಹುಲಿ ನೋಡುತ್ತಿದ್ದ. ನನಗೆ ಸಿಕ್ಕಿದ್ದು ಬಾಲ. ಮಾರಾದಲ್ಲಿ ಜುಲೈನಿಂದ ಡಿಸೆಂಬರ್‌ವರೆಗೆ ಹೊರದೇಶದವರಿಗೆ ತಲೆಗೆ ದಿನಕ್ಕೆ 200 ಡಾಲರ್ ಪ್ರವೇಶ ಶುಲ್ಕ. ಅಷ್ಟು ಕೊಟ್ಟು ನಾನು ನೋಡಿದ್ದು, ಕಬಿನಿ ದಾರಿಯ ಅಂತರಸಂತೆಯ ಆಚೆ ಸಿಗುವ ಹುಲಿಯನ್ನು, ಅದೂ ಒಡೆದ ಸ್ಕ್ರೀನಿನಲ್ಲಿ.

ಕಾಡು ಮುಗಿಸಿ ಮೊಂಬಾಸಾಕ್ಕೆ ರೈಲಿನಲ್ಲಿ ಹೋದೆವು. ರೈಲು ತ್ಸಾವೋ ಕಾಡಿನ ನಡುವೆ ಹೋಗುತ್ತೆ, ಕೆಂಪು ಮಣ್ಣು ಎರಚಿಕೊಂಡು ಕೆಂಪಗಾದ ಆನೆಗಳು ಕಿಟಕಿಯಿಂದಲೇ ಕಂಡವು. "ಕಬಿನೀಲಿ ಆನೆ ಸ್ನಾನ ಮಾಡ್ತಾವೆ" ಅಂದರು. ನಾನು ಮಲಗಿದೆ.

ಸಮುದ್ರಕ್ಕೆ ಬಂದರೆ ಕಬಿನಿ ಬಿಡುತ್ತಾರೆ ಅಂದುಕೊಂಡಿದ್ದೆ. ಬಿಟ್ಟರು, ಕುಂದಾಪುರ ಹಿಡಿದರು. ಅವರು ಮೂಲತಃ ಆ ಕಡೆಯವರು. ಡಿಯಾನಿ ಬೀಚಿನ ಹಿಟ್ಟಿನಂಥ ಬಿಳಿ ಮರಳಿನಲ್ಲಿ ಸಂಜೆ ಟ್ರೈಪಾಡ್ ಊರಿ, ಕ್ಯಾಮೆರಾ ಕಡಲಿಗೆ ತಿರುಗಿಸಿ, ಸೂರ್ಯ ಮುಳುಗುವುದನ್ನು ಕಾಯುತ್ತಾ ನಿಂತರು. ಹುಟ್ಟಿದಾಗಿನಿಂದ ಅವರಿಗೆ ಸಮುದ್ರ ಅಂದರೆ ಪಶ್ಚಿಮ. ಡಿಯಾನಿಯ ಸಮುದ್ರ ಇರುವುದು ಪೂರ್ವಕ್ಕೆ. ನಮ್ಮ ನೆರಳುಗಳು ನೀರಿನ ಕಡೆಗೆ ಉದ್ದುದ್ದ ಬೀಳುತ್ತಿದ್ದದ್ದನ್ನು ನಾನು ನೋಡಿದೆ. ಹೇಳಲಿಲ್ಲ. ಬಾಲದ ಲೆಕ್ಕ ಇನ್ನೂ ಬಾಕಿ ಇತ್ತಲ್ಲ. ಸೂರ್ಯ ಹೋಟೆಲಿನ ನೀರಿನ ಟ್ಯಾಂಕಿನ ಹಿಂದೆ ಸರಿದು ಹೋದ. ಕತ್ತಲಾದ ಮೇಲೆ ಒಬ್ಬ ವೇಟರ್ ಬಂದು, ಬೆಳಗ್ಗೆ ಬನ್ನಿ ಸಾರ್ ಅಂದ.

ಮರುದಿನ ಮೊಂಬಾಸಾದ ಹಳೇ ಪೇಟೆ. ಪೋರ್ಚುಗೀಸರು 1590ರ ದಶಕದಲ್ಲಿ ಕಟ್ಟಿದ ಫೋರ್ಟ್ ಜೀಸಸ್ ನೋಡಿಕೊಂಡು ಓಣಿಗಳಲ್ಲಿ ಸುತ್ತುತ್ತಿದ್ದೆವು. ಒಂದು ಮನೆಯ ಮುಂದೆ ಷಡ್ಡಕರು ನಿಂತುಬಿಟ್ಟರು. ಮಾಡಿನ ಮೇಲೆ ನಮ್ಮ ಕಡೆಯಂಥದೇ ಹೆಂಚು. ಪಾಚಿ ಹಿಡಿದು ಕಪ್ಪಾಗಿತ್ತು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಹೆಂಚು ಹಡಗು ಹತ್ತಿ ಪೂರ್ವ ಆಫ್ರಿಕಾಕ್ಕೂ ಬರುತ್ತಿತ್ತು. ಇದು ಅದೇ ಹೆಂಚೋ, ಇಲ್ಲಿನದೋ, ಕೇಳೋಣ ಅಂದರೆ ಬಾಗಿಲಿಗೆ ಬೀಗ. ಷಡ್ಡಕರು ಫೋಟೊನೂ ತೆಗೆಯಲಿಲ್ಲ. "ಊರ ಮನೆ ಕೆಡವಿದಾಗ ಹೆಂಚೆಲ್ಲ ಗುಜರಿಯವನಿಗೆ ಕೊಟ್ವಿ ಕಣ್ರೀ. ಒಂದಾದ್ರೂ ಇಟ್ಕೋಬೇಕಿತ್ತು" ಅಂದರು. ಮತ್ತೆ ಆಟೋ ಹತ್ತುವವರೆಗೂ ಮಾತಿಲ್ಲ. ನನಗೇ ಕಸಿವಿಸಿಯಾಗಿ, ಕುಂದಾಪುರದ ಸೂರ್ಯಾಸ್ತದ ಬಗ್ಗೆ ಏನೋ ಕೇಳಿದೆ. ಕೇಳಬಾರದಿತ್ತು, ಹೋಟೆಲ್ ಬರುವವರೆಗೂ ಹೇಳಿದರು.

ಈಗಿನ ಸಮಾಚಾರ ಏನೆಂದರೆ, ಆ ಮಾರಾದ ಡ್ರೈವರು ಇವರಿಗೆ ದಿನಾ ವಾಟ್ಸಾಪಿನಲ್ಲಿ ಸಿಂಹ ಕಳಿಸುತ್ತಾನೆ, ಇವರು ಅವನಿಗೆ ಹುಲಿ ಕಳಿಸುತ್ತಾರೆ. ಅವನಿಗೆ ಒಮ್ಮೆಯಾದರೂ ಕಬಿನಿ ನೋಡುವ ಆಸೆಯಂತೆ. "ಬರ್ಲಿ ಕಣ್ರೀ, ಪಾಪ. ನಿಮ್ ಮನೇಲೇ ಇರ್ಲಿ, ಹೆಬ್ಬಾಳ ಏರ್‌ಪೋರ್ಟಿಗೆ ಹತ್ರ, ಅಲ್ವಾ?" ಅಂದರು ಷಡ್ಡಕರು ಮೊನ್ನೆ ಫೋನಿನಲ್ಲಿ. ಹೆಂಡತಿ ಆಗಲೇ ಹೂಂ ಅಂದಿದ್ದಾಳೆ. ಬರಲಿ, ಒಳ್ಳೇ ಮನುಷ್ಯ. ಕಬಿನಿಗೂ ನಾನೇ ಕರೆದುಕೊಂಡು ಹೋಗುತ್ತೇನೆ. ಹುಲಿ ಬಂದಾಗ ಅವನ ಮೂಗಿನ ಕೆಳಗೆ ಹಿಡಿಯೋಕೆ ಆ ಸಿಂಹದ ಬಾಲದ ಫೋಟೊ ಫೋನಿನಲ್ಲಿ ರೆಡಿ ಇದೆ.